ಅತ್ತೆಯ ಕೈ, ಸೊಸೆಯ ಹೆಸರು

ಸುಳ್ಳು ಹೇಳುವುದಕ್ಕೆ ಬಾಯಿ ತುಂಬ ಮಾತು ಬೇಕು ಎಂದು ಯಾರು ಹೇಳಿದರೋ! ಈ ಕಥೆಯ ಸೊಸೆ ಹೇಳಿದ್ದು ಒಂದೇ ಒಂದು "ಹೂಂ". ಅದೂ ಬಾಯಲ್ಲಿ ಬಿಸ್ಕತ್ತು ಇಟ್ಟುಕೊಂಡು.

ಅವಳು ಒಂದು ಕಣ್ಣಿನ ದವಾಖಾನೆಯಲ್ಲಿ ಮುಂದಿನ ಮೇಜಿಗೆ ಕೂರುವವಳು. ಬಂದವರ ಹೆಸರು, ವಯಸ್ಸು, ತೊಂದರೆ ಏನು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು, ಸರದಿ ಬಂದಾಗ ನಂಬರು ಕೂಗಿ ಒಳಗೆ ಕಳಿಸುವುದು ಅವಳ ಕೆಲಸ. ಸೇರಿದ ಮೊದಲ ವರ್ಷ, ವರ್ಷದ ಕೊನೆಯ ರಜೆಗೆ ದವಾಖಾನೆ ಮುಚ್ಚುವ ದಿನ, ಅತ್ತೆ ಒಂದು ಡಬ್ಬಿ ಮಸಾಲೆ ಬಿಸ್ಕತ್ತು ಕೊಟ್ಟು ಕಳಿಸಿದರು. ಶುಂಠಿ, ಚಕ್ಕೆ, ಲವಂಗ, ಜಾಯಿಕಾಯಿ, ಎಲ್ಲೋ ನಾಲಿಗೆಯ ತುದಿಗೆ ಚುರುಕ್ ಎನ್ನುವಷ್ಟು ಕರಿಮೆಣಸು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿದ್ದ ಆ ಕೋಣೆಗೆ ಕಳೆ ಬಂತು. ಡಾಕ್ಟರಮ್ಮ ಒಂದು ತಿಂದರು, ಇನ್ನೊಂದು ತಿಂದರು, ಮೂರನೆಯದನ್ನು ಕೈಯಲ್ಲಿ ಹಿಡಿದು, "ನೀನೇ ಮಾಡಿದ್ದಾ?" ಎಂದು ಕೇಳಿದರು.

"ಹೂಂ."

ಅತ್ತೆ ಮಾಡಿದ್ದು ಎಂದಿದ್ದರೆ ಅವಳ ನಾಲಿಗೆಯೇನೂ ಸವೆದು ಹೋಗುತ್ತಿರಲಿಲ್ಲ. ಆದರೆ ಅಲ್ಲಿಗೆ ಸೇರಿ ನಾಲ್ಕು ತಿಂಗಳಾಗಿತ್ತು, ಅಲ್ಲಿಯವರೆಗೆ ಡಾಕ್ಟರಮ್ಮ ಅವಳ ಮುಖ ನೋಡಿ ಮಾತಾಡಿದ್ದೇ ಅಪರೂಪ. ಮಾತಾಡಿದರೂ ಅಕ್ಷರ ಚೆನ್ನಾಗಿಲ್ಲ, ನಂಬರು ಗಟ್ಟಿಯಾಗಿ ಕೂಗು, ಇಷ್ಟೇ. ಆವತ್ತು ಅವರು ಅವಳ ಹೆಗಲ ಮೇಲೆ ಕೈಯಿಟ್ಟು, "ಕೈ ಅಂದ್ರೆ ಇದಪ್ಪ ಕೈ!" ಎಂದರು. ಅವಳು ಉಬ್ಬಿ ಹೋದಳು. ಉಬ್ಬಿದವಳು ಮತ್ತೆ ಇಳಿಯಲಿಲ್ಲ.

ಹೀಗೆ ಏಳು ವರ್ಷ. ವರ್ಷ ವರ್ಷವೂ ಡಬ್ಬಿ ದೊಡ್ಡದಾಯಿತು, ಸುಳ್ಳೂ ಜೊತೆಗೇ ಬೆಳೆಯಿತು. ಯಾರ ಹತ್ತಿರ ಕಲಿತೆ ಎಂದು ನರ್ಸಕ್ಕ ಕೇಳಿದಾಗ, "ಚಿಕ್ಕಂದಿನಿಂದ ಹುಚ್ಚು ನನಗೆ" ಎಂದಳು. ಲವಂಗ ಹುರಿದು ಹಾಕ್ತೀಯಾ ಎಂದು ಕನ್ನಡಕ ಕೂರಿಸುವ ಅಣ್ಣ ಕೇಳಿದಾಗ, "ಅದು ಗುಟ್ಟು" ಎಂದು ಕಣ್ಣು ಮಿಟುಕಿಸಿದಳು. ಗುಟ್ಟೇನು ಮಣ್ಣು, ಅವಳಿಗೇ ಗೊತ್ತಿರಲಿಲ್ಲ! ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ ಅತ್ತೆ ಹಿಟ್ಟು ಕಲೆಸುತ್ತಿದ್ದರು, ಸಂಜೆ ಬರುವಷ್ಟರಲ್ಲಿ ಡಬ್ಬಿಗಳು ತುಂಬಿರುತ್ತಿದ್ದವು. ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವನು, ಬಂದಾಗ ಮುಷ್ಟಿಗಟ್ಟಲೆ ತಿಂದು ಮಲಗುತ್ತಿದ್ದ. ಅವನಿಗೆ ಇದ್ಯಾವುದರ ಸುದ್ದಿಯೂ ಇರಲಿಲ್ಲ.

ಅತ್ತೆ ಮೂವತ್ತು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿದವರು. ರಜೆಗೆ ಎಲ್ಲ ಹುಡುಗಿಯರೂ ಊರಿಗೆ ಹೋದಾಗ, ಹೋಗಲು ಮನೆಯಿಲ್ಲದವರು, ಕರೆಯುವವರಿಲ್ಲದವರು ಹತ್ತು ಹನ್ನೆರಡು ಮಂದಿ ಉಳಿಯುತ್ತಿದ್ದರು. ಅವರು ಮಂಕಾಗಿ ಕೂತಿದ್ದನ್ನು ನೋಡಲಾಗದೆ ಅತ್ತೆ ಶುರುಮಾಡಿದ್ದು ಈ ಬಿಸ್ಕತ್ತು. ವಾರ್ಡನ್ನಮ್ಮ ಅದನ್ನು ನೋಡಿ ಶಹಬ್ಬಾಸ್ ಎಂದವರಲ್ಲ, ಬೆಣ್ಣೆ ಯಾಕೆ ಇಷ್ಟು ಖರ್ಚಾಯಿತು ಎಂದು ಕೇಳಿದವರು. ಹಾಗಾಗಿ ಸೊಸೆ ರಜೆಯ ಹಿಂದಿನ ಸಂಜೆ ಖಾಲಿ ಡಬ್ಬಿ ಹಿಡಿದು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿರುತ್ತಿದ್ದರು.

"ಡಾಕ್ಟರಮ್ಮ ಏನಂದ್ರು?"

"ತುಂಬಾ ಚೆನ್ನಾಗಿದೆ ಅಂದ್ರು ಅತ್ತೆ."

"ಯಾರು ಮಾಡಿದ್ದು ಅಂತ ಕೇಳಿದ್ರಾ?"

"ಕೇಳಿದ್ರು. ಮನೇಲೇ ಮಾಡಿದ್ದು ಅಂದೆ."

ಅದೂ ಸುಳ್ಳಲ್ಲ ನೋಡಿ! ಅತ್ತೆ ಅಷ್ಟಕ್ಕೇ ಮುಖ ಅರಳಿಸಿಕೊಂಡು ಒಳಗೆ ಹೋಗುತ್ತಿದ್ದರು. ಸೊಸೆ ಡಬ್ಬಿ ತೊಳೆಯುವ ನೆಪದಲ್ಲಿ ನಲ್ಲಿ ಜೋರಾಗಿ ಬಿಡುತ್ತಿದ್ದಳು, ಮುಂದಿನ ಪ್ರಶ್ನೆ ಕೇಳಿಸದಿರಲಿ ಎಂದು.

ಏಳನೆಯ ವರ್ಷ ಡಾಕ್ಟರಮ್ಮನಿಗೆ ಅದೇನು ಉಮೇದು ಬಂತೋ, ರಜೆಗೆ ಒಂದು ವಾರ ಇರುವಾಗ ಎಲ್ಲರ ಮುಂದೆ ಸಾರಿಬಿಟ್ಟರು. "ಈ ಭಾನುವಾರ ನಾವು ಮೂರೂ ಜನ ನಿನ್ನ ಮನೆಗೆ ಬರ್ತೀವಿ. ನಮ್ಮ ಕಣ್ಣೆದುರಿಗೇ ಮಾಡಿ ತೋರಿಸಬೇಕು. ಗುಟ್ಟು ಗಿಟ್ಟು ಏನೂ ನಡೆಯಲ್ಲ."

ಅವಳು ತಪ್ಪಿಸಿಕೊಳ್ಳಲು ನೋಡಿದಳು. ಮನೆಯಲ್ಲಿ ಜಾಗ ಸಾಲದು ಎಂದಳು. ನಿಂತುಕೊಂಡು ನೋಡ್ತೀವಿ ಎಂದರು. ಓವನ್ನು ಸಣ್ಣದು ಎಂದಳು. ನಮಗೇನು ಮದುವೆ ಊಟ ಬೇಕಾ ಎಂದರು. ಇನ್ನೇನು ಹೇಳುವುದು, ನಕ್ಕಳು. ಆ ನಗು ಹೇಗಿತ್ತು ಎಂಬುದನ್ನು ಅವಳು ಆಮೇಲೆ ಬಸ್ಸಿನ ಕಿಟಕಿಯ ಗಾಜಿನಲ್ಲಿ ನೋಡಿಕೊಂಡಳು.

ಆಗಲೇ ಅತ್ತೆಯ ಹತ್ತಿರ ಹೋಗಿ, ಹೀಗ್ಹೀಗೆ ಆಗಿದೆ, ಕಾಪಾಡಿ ಎಂದಿದ್ದರೆ ಮುಗಿಯುತ್ತಿತ್ತು. ಏಳು ವರ್ಷದ್ದನ್ನು ಒಂದೇ ಉಸಿರಿಗೆ ಹೇಳುವಷ್ಟು ಗುಂಡಿಗೆ ಎಲ್ಲಿಂದ ತರಬೇಕು? ಅವಳು ಯೋಚಿಸಿದ್ದೇ ಬೇರೆ. ಅತ್ತೆಯ ಹತ್ತಿರ ಅಳತೆ ಬರೆದುಕೊಳ್ಳುವುದು, ಭಾನುವಾರ ಅತ್ತೆಯನ್ನು ಮನೆಯಿಂದ ಸಾಗಹಾಕುವುದು.

ಶನಿವಾರ ಮಧ್ಯಾಹ್ನ ಪುಸ್ತಕ ಹಿಡಿದು ಅಡುಗೆಮನೆಗೆ ಬಂದ ಸೊಸೆಯನ್ನು ನೋಡಿ ಅತ್ತೆಗೆ ನಗು. "ಯಾಕೆ, ನಾನು ಹೋದ್ಮೇಲೆ ಬೇಕಾಗುತ್ತೆ ಅಂತಾನಾ?"

"ಅಯ್ಯೋ, ಬಿಡ್ತು ಅನ್ನಿ ಅತ್ತೆ! ಸುಮ್ನೆ, ಕಲಿಯೋಣ ಅಂತ."

ಅತ್ತೆಗೆ ಎಷ್ಟು ಖುಷಿಯಾಯಿತೆಂದರೆ, ಸೆರಗು ಸಿಕ್ಕಿಸಿಕೊಂಡು ಎದ್ದೇಬಿಟ್ಟರು. ಹಿಟ್ಟು ಇಷ್ಟು, ಕಂದು ಸಕ್ಕರೆ ಇಷ್ಟು, ಬೆಣ್ಣೆ ಇಷ್ಟು ಎಂದು ಬೊಗಸೆಯಲ್ಲಿ, ಮುಷ್ಟಿಯಲ್ಲಿ, ಎರಡು ಬೆರಳ ನಡುವೆ ಹಿಡಿದು ತೋರಿಸಿದರು. ಅವಳು ಒಂದೊಂದನ್ನೂ ತಕ್ಕಡಿಯ ಮೇಲೆ ಸುರಿಸಿಕೊಂಡು ಗ್ರಾಂ ಲೆಕ್ಕದಲ್ಲಿ ಬರೆದುಕೊಂಡಳು. "ಕೈಗೂ ತೂಕ ಹಾಕ್ತೀಯಲ್ಲೇ!" ಎಂದು ಅತ್ತೆ ಕೆನ್ನೆಯ ಮೇಲೆ ಹಿಟ್ಟಿನ ಬೆರಳಿನಿಂದ ತಿವಿದರು.

ಬರೆದದ್ದೆಲ್ಲ ಮುಗಿದ ಮೇಲೆ, ಪುಸ್ತಕ ಮುಚ್ಚುತ್ತಾ, ಈಗ ನೆನಪಾದವಳಂತೆ ಹೇಳಿದಳು. "ಅತ್ತೆ, ಹೇಳೋದೇ ಮರೆತಿದ್ದೆ. ನಾದಿನಿ ಫೋನ್ ಮಾಡಿದ್ಲು. ಅಮ್ಮನ್ನ ನೋಡ್ಬೇಕು ಅನ್ನಿಸ್ತಿದೆ, ಭಾನುವಾರ ಕಳಿಸಿಕೊಡಿ ಅಂದ್ಲು."

"ಹೌದಾ? ನನಗ್ಯಾಕೆ ಮಾಡ್ಲಿಲ್ಲ?"

"ನಿಮ್ಮ ಫೋನು ಸಿಗ್ಲಿಲ್ವಂತೆ."

ಮಗಳು ಕರೆದಳೆಂದರೆ ಯಾವ ತಾಯಿ ಎರಡನೆಯ ಪ್ರಶ್ನೆ ಕೇಳುತ್ತಾಳೆ? ಅತ್ತೆ ಆವತ್ತು ಸಂಜೆಯೇ ಸೀರೆ ಮಡಿಸಿಟ್ಟುಕೊಂಡರು. ನಾದಿನಿಗೆ ಒಂದು ಫೋನು ಮಾಡಿ, ಅಮ್ಮ ಬರ್ತಾರೆ ಎಂದು ಹೇಳಿಬಿಡಬೇಕು ಎಂದು ಸೊಸೆಗೆ ಎರಡು ಸಲ ಅನ್ನಿಸಿತು. ಮಾಡಿದರೆ ಯಾಕೆ, ಏನು ಎಂದು ಆ ಕಡೆಯಿಂದ ಶುರುವಾಗುತ್ತದೆ. ಭಾನುವಾರ ಅಲ್ಲವೇ, ಎಲ್ಲಿಗೆ ಹೋಗಿರುತ್ತಾಳೆ, ಮನೆಯಲ್ಲೇ ಇರುತ್ತಾಳೆ ಎಂದು ಸಮಾಧಾನ ಹೇಳಿಕೊಂಡು ಸುಮ್ಮನಾದಳು. ಬೆಳಿಗ್ಗೆ ಅತ್ತೆ ಚೀಲ ಹಿಡಿದು ಬಸ್ ಸ್ಟಾಪಿನ ಕಡೆಗೆ ಹೊರಟಾಗ, ಆ ಬೆನ್ನು ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತಿದ್ದಳು. ಪ್ರೀತಿಯಿಂದಲ್ಲ. ಹೋದರೋ ಇಲ್ಲವೋ ಖಾತ್ರಿ ಮಾಡಿಕೊಳ್ಳಲು.

ಮೂವರೂ ಹೇಳಿದ ಹೊತ್ತಿಗೆ ಬಂದರು. ಡಾಕ್ಟರಮ್ಮ ಓದುವ ಕನ್ನಡಕ ಏರಿಸಿಕೊಂಡು, ನರ್ಸಕ್ಕ ಬರೆದುಕೊಳ್ಳಲು ಪೆನ್ನು ತೆಗೆದು, ಕನ್ನಡಕದ ಅಣ್ಣ ತಿನ್ನಲು ಮಾತ್ರ ಬಂದವನಂತೆ ಕೈಕಟ್ಟಿ, ಆ ಇಕ್ಕಟ್ಟಿನ ಅಡುಗೆಮನೆಯಲ್ಲಿ ಸಾಲಾಗಿ ನಿಂತರು. ಸೊಸೆ ಪುಸ್ತಕವನ್ನು ಡಬ್ಬಗಳ ಹಿಂದೆ ಮರೆಮಾಡಿಟ್ಟು, ಆಗಾಗ ಕದ್ದು ನೋಡುತ್ತಾ ಕಲೆಸಿದಳು. ಬೆಣ್ಣೆ ನುಣ್ಣಗಾಗಬೇಕು, ಹಿಟ್ಟನ್ನು ಜಾಸ್ತಿ ನಾದಬಾರದು ಎಂದು ಪಾಠವನ್ನೂ ಹೇಳಿದಳು. ಲಟ್ಟಿಸಿ, ಸಣ್ಣ ಡಬ್ಬಿಯ ಮುಚ್ಚಳದಿಂದ ಗುಂಡಗೆ ಕತ್ತರಿಸಿ, ಒಂದು ಟ್ರೇ ತುಂಬ ಇಪ್ಪತ್ತು ಬಿಸ್ಕತ್ತು ಜೋಡಿಸಿ ಓವನ್ನಿಗೆ ತಳ್ಳಿದಳು. ಘಮ ಎದ್ದಿತು. "ಬಂತು ನೋಡಿ!" ಎಂದ ಕನ್ನಡಕದ ಅಣ್ಣ. ಅವಳಿಗೂ ಒಂದು ಕ್ಷಣ ತಾನೇ ಏಳು ವರ್ಷದಿಂದ ಮಾಡಿಕೊಂಡು ಬಂದವಳು ಅನ್ನಿಸಿಬಿಟ್ಟಿತು.

ಹತ್ತು ನಿಮಿಷಕ್ಕೆ ಬಾಗಿಲು ತೆರೆದು ನೋಡಿದರೆ ಟ್ರೇಯಲ್ಲಿ ಬಿಸ್ಕತ್ತೇ ಇಲ್ಲ. ಇಪ್ಪತ್ತೂ ಕರಗಿ, ಹರಡಿ, ಒಂದಕ್ಕೊಂದು ಅಂಟಿ, ಅಂಚಿನಲ್ಲಿ ಕರ್ರಗೆ ಸೀದು, ನಡುವೆ ಗುಳ್ಳೆ ಗುಳ್ಳೆಯಾಗಿ ಕುದಿಯುವ ಒಂದೇ ಹಾಳೆ.

ನರ್ಸಕ್ಕ ಪೆನ್ನಿನ ಕ್ಯಾಪು ಹಾಕಿದಳು. "ಇದೇನಮ್ಮ ಇದು?" ಎಂದರು ಡಾಕ್ಟರಮ್ಮ. ಬೈಗುಳವಾಗಿರಲಿಲ್ಲ ಅದು, ನಿಜವಾಗಿ ಅರ್ಥವಾಗದೆ ಕೇಳಿದ್ದು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಹಾಗೆ ನಿಂತಿದ್ದಳು ಸೊಸೆ.

ಆಗಲೇ ಹೊರಬಾಗಿಲ ಚಿಲಕ ಸದ್ದಾಯಿತು. ಅತ್ತೆ! ಮುಖವೆಲ್ಲ ಬಿಸಿಲಿಗೆ ಕೆಂಪಾಗಿ, ಚೀಲ ಹೋದಂತೆಯೇ ತುಂಬಿಕೊಂಡು, ಗೋಡೆ ಹಿಡಿದು ಒಳಗೆ ಬಂದರು. ಬಂದವರನ್ನು ನೋಡಿ ಗಾಬರಿಯಿಂದ ಸೆರಗು ಸರಿಮಾಡಿಕೊಂಡರು.

"ನಮ್ಮತ್ತೆ, ಡಾಕ್ಟರಮ್ಮ," ಎಂದಳು ಸೊಸೆ. ಅಷ್ಟು ಮಾತ್ರ ನಾಲಿಗೆ ಹೊರಳಿತು.

"ಬನ್ನಿ ಅಮ್ಮ, ಬನ್ನಿ," ನರ್ಸಕ್ಕ ಜಾಗ ಬಿಟ್ಟಳು. "ನಿಮ್ಮ ಸೊಸೆ ಹತ್ರ ಬಿಸ್ಕತ್ತು ಕಲೀಲಿಕ್ಕೆ ಬಂದ್ವಿ. ಏಳು ವರ್ಷದಿಂದ ಅವಳ ಕೈರುಚಿ ತಿಂತಿದ್ದೀವಲ್ಲ, ಇವತ್ತು ಯಾಕೋ ದೃಷ್ಟಿ ತಾಗಿದೆ."

ಅತ್ತೆ ಟ್ರೇಯನ್ನು ನೋಡಿದರು. ಸೊಸೆಯನ್ನು ನೋಡಿದರು. ಈಗ ಬಾಯಿ ತೆರೆಯುತ್ತಾರೆ, ಮುಗಿಯಿತು ನನ್ನ ಕಥೆ, ಇನ್ನು ಆ ಮೇಜಿಗೆ ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡು ಕಣ್ಣು ಮುಚ್ಚಿದಳು.

"ಅಯ್ಯೋ, ತಪ್ಪು ಅವಳದ್ದಲ್ಲ ಡಾಕ್ಟರಮ್ಮ, ನನ್ನದು!" ಎಂದರು ಅತ್ತೆ. "ಹಿಟ್ಟಿನ ಡಬ್ಬಕ್ಕೆ ನಾನೇ ಏನೋ ಬೇರೆ ಹಿಟ್ಟು ಸುರಿದು ಮರೆತುಬಿಟ್ಟಿದ್ದೀನಿ. ಮರೆವು ನೋಡಿ, ವಯಸ್ಸು. ಮಗಳ ಮನೆಗೆ ಅಂತ ಹೋದೆ, ಅಲ್ಲಿ ಬೀಗ. ದಿನಾನೇ ತಪ್ಪು ತಿಳಿದುಕೊಂಡು ಹೋಗಿದ್ದೀನಿ."

ಹೇಳುತ್ತಲೇ ಕೈತೊಳೆದು, ಉಳಿದ ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ, ವಿದ್ಯಾರ್ಥಿ ಗುರುವನ್ನು ಕೇಳುವ ಹಾಗೆ ಕೇಳಿದರು. "ನೀನು ಯಾವಾಗ್ಲೂ ಮೊದಲು ಒಂದೇ ಒಂದನ್ನ ಬೇಯಿಸಿ ನೋಡ್ತೀಯಲ್ಲಮ್ಮ, ಪತ್ತೇದಾರ ಅಂತೀಯಲ್ಲ ಅದಕ್ಕೆ? ಅವನನ್ನ ಕಳಿಸಿ, ಓವನ್ನಿನ ಸಮಾಚಾರ ತಿಳಿದುಕೊಂಡು, ಆಮೇಲೆ ಇನ್ನೂ ಹಿಟ್ಟು ಬೇಕಾ ಬೇಡ್ವಾ ಅಂತ ನೋಡ್ತೀಯಲ್ಲ? ಇವತ್ತು ಗಡಿಬಿಡೀಲಿ ಬಿಟ್ಟುಹೋಯ್ತೇನೋ."

ಪತ್ತೇದಾರ! ಪುಸ್ತಕದಲ್ಲಿ ಅದು ಇರಲಿಲ್ಲ. ಕೈ ತೊಳೆದುಕೋ ಎಂದು ಅಡುಗೆ ಪುಸ್ತಕದಲ್ಲಿ ಯಾರೂ ಬರೆಯುವುದಿಲ್ಲವಲ್ಲ, ಹಾಗೆ ಅತ್ತೆಗೆ ಅದು ಹೇಳಬೇಕಾದ ಸಂಗತಿ ಎಂದೇ ತೋಚಿರಲಿಲ್ಲ. ಬೆಣ್ಣೆ ದಿನಕ್ಕೊಂದು ಹದ, ಮುಷ್ಟಿ ದಿನಕ್ಕೊಂದು ಅಳತೆ. ಪ್ರತಿ ಸಲವೂ ಆ ಒಂಟಿ ಬಿಸ್ಕತ್ತೇ ಅತ್ತೆಗೆ ದಾರಿ ಹೇಳುತ್ತಿತ್ತು. ತಕ್ಕಡಿ ಹಿಡಿದ ಸೊಸೆಗೆ ಅದು ಸಿಕ್ಕಿರಲಿಲ್ಲ.

"ಹೌದು, ಮರೆತೇಹೋಯ್ತು," ಎಂದಳು ಅವಳು.

ಅಲ್ಲಿಂದ ಮುಂದೆ ಅತ್ತೆ ಆಡಿದ ನಾಟಕವನ್ನು ಏನೆಂದು ಹೇಳಲಿ! ಬೇರೆ ಪೊಟ್ಟಣದಿಂದ ಒಂದು ಮುಷ್ಟಿ ಹಿಟ್ಟು ಸೇರಿಸುವಾಗ, "ಇಷ್ಟೇ ಅಲ್ವಾ ನೀನು ಹಾಕೋದು?" ಹಿಟ್ಟನ್ನು ಫ್ರಿಜ್ಜಿನಲ್ಲಿ ಇಡುವಾಗ, "ಅರ್ಧ ಗಂಟೆ ಅಂತೀಯಲ್ಲ?" ಒಂಟಿ ಬಿಸ್ಕತ್ತು ಬೆಂದು ಬಂದಾಗ ಮುರಿದು ಸೊಸೆಯ ಬಾಯಿಗೇ ಇಟ್ಟು, "ನೀನೇ ನೋಡಿ ಹೇಳು." ಸೊಸೆ ಅಗಿದಳು. ಮರದ ಹೊಟ್ಟು ತಿಂದಂತಿತ್ತು. "ಸರಿಯಾಗಿದೆ ಅತ್ತೆ," ಎಂದಳು. ಒಂದು ಸಲ ಅತ್ತೆ ತಾವಾಗಿಯೇ ಟ್ರೇ ತಿರುಗಿಸಲು ಹೋದಾಗ ಡಾಕ್ಟರಮ್ಮ ಮೃದುವಾಗಿ ತಡೆದರು. "ನೀವು ಸುಸ್ತಾಗಿದ್ದೀರಿ ಅಮ್ಮ, ಕೂತ್ಕೊಳ್ಳಿ. ಅವಳು ಮಾಡ್ಲಿ ಬಿಡಿ, ಅವಳಿಗೆ ಗೊತ್ತಿರುತ್ತೆ." ಅತ್ತೆ ಹೋಗಿ ಮೂಲೆಯ ಸ್ಟೂಲಿನ ಮೇಲೆ ಕೂತರು. ಸೊಸೆ ಅದನ್ನೂ ನೋಡಿದಳು. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇಕಿತ್ತೇ? ತೆರೆಯಲಿಲ್ಲ. ಟ್ರೇ ತಿರುಗಿಸಿದಳು.

ಎರಡನೆಯ ಸಲದ್ದು ಎಂದಿನಂತೆಯೇ ಬಂತು. ಮೂವರೂ ಡಬ್ಬಿ ತುಂಬಿಸಿಕೊಂಡು, ಹೊಗಳಿ ಹೊಗಳಿ ಹೊರಟರು. ಡಾಕ್ಟರಮ್ಮ ಹೊಸ್ತಿಲಲ್ಲಿ ನಿಂತು ಅತ್ತೆಯ ಕೈ ಹಿಡಿದು, "ಸೊಸೆಯ ಪಕ್ಕ ನಿಂತು ನಿಂತು ನೀವೂ ಸುಮಾರು ಕಲಿತಿದ್ದೀರಿ," ಎಂದರು.

"ಅವಳ ದಯೆ," ಎಂದರು ಅತ್ತೆ.

ಬಾಗಿಲು ಹಾಕಿದ ಮೇಲೆ ಅವಳು ಅಲ್ಲೇ ನಿಂತಳು. "ಅತ್ತೆ, ನಾನು..."

"ಆಯ್ತು ಬಿಡು." ಅತ್ತೆ ಕಾಲು ಒತ್ತಿಕೊಳ್ಳುತ್ತಿದ್ದರು. ಹಿಮ್ಮಡಿಯ ಮೇಲೆಲ್ಲ ಬಾವು. "ಬಂದವರ ಮುಂದೆ ನಿನ್ನ ಮರ್ಯಾದೆ ಉಳೀತಲ್ಲ, ಸಾಕು. ಸ್ವಲ್ಪ ಬಿಸಿನೀರು ಕೊಡ್ತೀಯಾ, ಕಾಲು ಇಟ್ಟುಕೊಳ್ತೀನಿ."

ಬಿಸಿನೀರು ಕೊಟ್ಟಳು. ಉಪ್ಪೂ ಹಾಕಿದಳು. ಅತ್ತೆ ಇನ್ನೇನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೆ ಅದರ ಕೆಳಗೆ ಇನ್ನೊಂದಿತ್ತು, ಅದನ್ನೂ ಹೇಳಿಬಿಡಬೇಕು: ಸದ್ಯ, ಬಚಾವಾದೆ ಎಂಬ ನಿರಾಳ. ಅಂಥ ದಿನವೂ ಆಕೆಗೆ ಊಟ ಸೇರಿತು!

ಸೋಮವಾರ ರಜೆಗೆ ಮುಂಚಿನ ಕೊನೆಯ ದಿನ. ದವಾಖಾನೆಯಲ್ಲಿ ಜನ ತುಂಬಿಕೊಂಡಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಡಾಕ್ಟರಮ್ಮ ತಾವೇ ಎದ್ದು ಅವಳ ಮೇಜಿನ ಹತ್ತಿರ ಬಂದರು. ದನಿ ತಗ್ಗಿಸಿ, ತಾಯಿಯಂತೆ ಮಾತಾಡಿದರು.

"ನಿಮ್ಮತ್ತೆ ವಿಷಯ. ನಿನ್ನೆಯಿಂದ ನನ್ನ ತಲೇಲಿ ಕೊರೀತಿದೆ ಕಣಮ್ಮ. ಯಾವ ಹಿಟ್ಟು ಯಾವ ಡಬ್ಬಕ್ಕೆ ಅಂತ ಗೊತ್ತಾಗ್ಲಿಲ್ಲ, ಯಾವ ದಿನ ಅಂತ ಗೊತ್ತಾಗ್ಲಿಲ್ಲ, ಮಗಳ ಮನೆ ತನಕ ಹೋಗಿ ವಾಪಸ್ ಬಂದಿದ್ದಾರೆ. ಒಂದೇ ದಿನ ಎರಡೆರಡು. ಇದು ಶುರುವಾಗೋದೇ ಹೀಗೆ. ಇನ್ನು ಅವರನ್ನ ಒಬ್ಬರೇ ಹೊರಗೆ ಬಿಡಬೇಡ, ಒಲೆ ಹತ್ರಾನೂ ಬೇಡ. ನನ್ನ ಪರಿಚಯದ ನರರೋಗದ ಡಾಕ್ಟರಿಗೆ ಹೇಳಿದ್ದೀನಿ, ರಜೆಯಲ್ಲೇ ನೋಡ್ತಾರೆ. ಒಂದು ಚೀಟಿ ಬರಿ, ನಾನು ಸಹಿ ಹಾಕಿಕೊಡ್ತೀನಿ."

ಅವಳು ಚೀಟಿ ಎಳೆದುಕೊಂಡಳು. ಅತ್ತೆಯ ಹೆಸರು ಬರೆದಳು. ವಯಸ್ಸು ಬರೆದಳು. ತೊಂದರೆ ಏನು ಎಂಬ ಸಾಲಿಗೆ ಬಂದಳು.

"ಮರೆವು ಅಂತ ಬರಿ," ಎಂದರು ಡಾಕ್ಟರಮ್ಮ.

ದಿನಕ್ಕೆ ಅರವತ್ತು ಚೀಟಿ ಬರೆಯುವ ಕೈ ಅದು. ಮುಂದಕ್ಕೆ ಹೋಗಲಿಲ್ಲ. ಒಂದು ಅಕ್ಷರ ಬರೆದರೆ ನಾಳೆಯಿಂದ ಅತ್ತೆಯ ಕೈಯಿಂದ ಸೌಟು ಕಿತ್ತುಕೊಳ್ಳಬೇಕು, ಹೊರಬಾಗಿಲಿಗೆ ಬೀಗ ಹಾಕಬೇಕು. ಅತ್ತೆ ಅದಕ್ಕೂ ಹೂಂ ಎನ್ನುತ್ತಾರೆ, ಅದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಸೊಸೆಯ ಮರ್ಯಾದೆಗಾಗಿ ಹುಚ್ಚಿ ಎನ್ನಿಸಿಕೊಳ್ಳಲೂ ಆಕೆ ತಯಾರು.

"ಬರೆಯೋಕಾಗಲ್ಲ ಡಾಕ್ಟರಮ್ಮ," ಎಂದಳು. ದನಿ ಅವಳಿಗೇ ಗೊತ್ತಾಗದಂತೆ ಗಟ್ಟಿಯಾಗಿ ಬಂದಿತ್ತು. ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. "ಅವರು ಏನೂ ಮರೆತಿಲ್ಲ. ಹಿಟ್ಟು ಸರಿಯಾಗೇ ಇತ್ತು, ನನಗೆ ಮಾಡೋಕೆ ಬರಲಿಲ್ಲ. ನಾನು ಯಾವತ್ತೂ ಮಾಡೇ ಇಲ್ಲ. ಏಳು ವರ್ಷದಿಂದ ನೀವು ತಿಂದಿದ್ದೆಲ್ಲ ಅವರು ಮಾಡಿದ್ದು. ನೀವು ಬರ್ತೀರಿ ಅಂತ, ಮಗಳು ಕರೆದಿದ್ದಾಳೆ ಅಂತ ಸುಳ್ಳು ಹೇಳಿ ನಾನೇ ಅವರನ್ನ ಮನೆಯಿಂದ ಕಳಿಸಿದ್ದೆ. ಮಗಳಿಗೆ ಗೊತ್ತೇ ಇರಲಿಲ್ಲ."

ಕಣ್ಣಿಗೆ ಔಷಧಿ ಬಿಡುತ್ತಿದ್ದ ನರ್ಸಕ್ಕ ಕೈ ಹಾಗೇ ಹಿಡಿದು ನಿಂತಳು. ಕನ್ನಡಕದ ಅಣ್ಣ ಗಾಜಿನ ಕಪಾಟಿನ ಹಿಂದಿನಿಂದ ಕತ್ತು ಚಾಚಿದ, ಮತ್ತೆ ಒಳಗೆಳೆದುಕೊಂಡ. ಅವಳು ಬೈಗುಳಕ್ಕೆ ಕಾದಳು. ಇಷ್ಟು ವರ್ಷ ನಮ್ಮ ಕಣ್ಣಿಗೇ ಮಣ್ಣೆರಚಿದೆಯಲ್ಲ ಎನ್ನಲಿ, ಕೆಲಸ ಬಿಟ್ಟು ಹೋಗು ಎನ್ನಲಿ, ಏನಾದರೂ ಅನ್ನಲಿ ಎಂದು ಕಾದಳು.

ಡಾಕ್ಟರಮ್ಮ ಬಿಸ್ಕತ್ತಿನ ಮಾತೇ ಎತ್ತಲಿಲ್ಲ.

"ಆ ಬೀಗದ ಮುಂದೆ ಎಷ್ಟು ಹೊತ್ತು ಕೂತಿದ್ರಂತೆ?" ಎಂದು ಕೇಳಿದರು.

ಅವಳು ಬಾಯಿ ತೆರೆದಳು. ಕೆಂಪಾದ ಮುಖ, ಬಾತ ಕಾಲು, ಬಿಸಿನೀರಿನ ಬೋಗುಣಿ ಎಲ್ಲ ಕಣ್ಣಮುಂದೆ ಬಂತು. ನಿನ್ನೆ ಸಂಜೆಯಿಂದ ಇವತ್ತು ಬೆಳಿಗ್ಗೆಯವರೆಗೆ ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ ಇದ್ದರು ಇಬ್ಬರೂ.

"ಗೊತ್ತಿಲ್ಲ," ಎಂದಳು. "ನಾನು ಕೇಳಲಿಲ್ಲ."

ಡಾಕ್ಟರಮ್ಮ ಚೀಟಿಯನ್ನು ಮೇಜಿನ ಮೇಲಿಂದ ಎತ್ತಿ, ನಾಲ್ಕಾಗಿ ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು ತಮ್ಮ ಕೋಣೆಯ ಕಡೆಗೆ ತಿರುಗಿದರು.

"ಮುಂದಿನವರನ್ನ ಕಳಿಸಿ."